ಆವಕ ರಿಜಿಸ್ಟರಿನ ಮುಂದೆ ಒಂದು ಸೆಮಿಸ್ಟರ್

ಶಾಸಕರ ಕಚೇರಿಯಲ್ಲಿ ಇಂಟರ್ನ್‌ಶಿಪ್ ಎಂದರೆ ಎಲ್ಲರ ಕಣ್ಣಿಗೆ ಬರುವುದು ವಿಧಾನಸೌಧದ ಮೆಟ್ಟಿಲು. ನನ್ನ ಪಾಲಿಗೆ ಬಂದದ್ದು ಕ್ಷೇತ್ರದ ಕಚೇರಿಯ ಒಂದು ಮೇಜು, ಲೆಟರ್‌ಹೆಡ್ಡಿನ ಕಟ್ಟು ಮತ್ತು ಬಂದ ಅರ್ಜಿಗಳನ್ನೆಲ್ಲ ಬರೆದಿಡುವ ಉದ್ದನೆಯ ಆವಕ ರಿಜಿಸ್ಟರು. ರಾಜ್ಯಶಾಸ್ತ್ರ ವಿಭಾಗದಿಂದ ಮುಂದೆ ಹೋಗುವವರಿಗೆ ಈ ರಿಜಿಸ್ಟರಿನ ಬಗ್ಗೆಯೇ ಹೇಳಬೇಕು.

ಕ್ರಮಸಂಖ್ಯೆ, ದಿನಾಂಕ, ಹೆಸರು, ಊರು, ಹೋಬಳಿ, ಫೋನು, ವಿಷಯ, ಯಾವ ಕಚೇರಿಗೆ ಬರೆದದ್ದು, ಕೊನೆಗೆ ‘ಏನಾಯಿತು’. ಮೊದಲ ಕಾಲಂಗಳೆಲ್ಲ ತುಂಬಿರುತ್ತವೆ, ಕೊನೆಯದು ಖಾಲಿ. ಕಚೇರಿ ಹೇಗಿದೆ ಎಂದು ತಿಳಿಯಲು ಆ ಒಂದು ಕಾಲಂ ನೋಡಿದರೆ ಸಾಕು.

ಜನ ಕೇಳುವುದು ‘ಸಾಹೇಬ್ರದ್ದು ಒಂದು ಲೆಟ್ರು’. ಶಾಸಕರ ಶಿಫಾರಸು ಪತ್ರಕ್ಕೆ ಕಾನೂನಿನ ಬಲವೇನೂ ಇಲ್ಲ. ಅರ್ಹತೆ ಇಲ್ಲದ ಅರ್ಜಿಯನ್ನು ಅದರ ಮೇಲೆ ತಹಶೀಲ್ದಾರರು ಮಂಜೂರು ಮಾಡುವಂತಿಲ್ಲ. ಅದರಿಂದ ಆಗುವ ಉಪಕಾರ ಒಂದೇ: ಕೆಳಗೆ ಬಿದ್ದ ಕಡತವನ್ನು ಯಾರೋ ಒಬ್ಬರು ಹುಡುಕುತ್ತಾರೆ. ಹುಡುಕಬೇಕಾದರೆ ಸಂಖ್ಯೆ ಬೇಕು. ‘ಸದರಿಯವರ ಕೋರಿಕೆಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು’ ಎಂಬ ಸಾಲು ಎಷ್ಟು ಚೆಂದ ಟೈಪಾದರೂ, ಕೆಳಗೆ ಅರ್ಜಿಯ ಸಕಾಲ ಸಂಖ್ಯೆ (ಸ್ವೀಕೃತಿಯಲ್ಲಿ ಕೊಡುವ ನಂಬರು), ಜಮೀನಾದರೆ ಸರ್ವೆ ನಂಬರು, ವಿದ್ಯುತ್ತಾದರೆ ಸಂಪರ್ಕದ ಆರ್.ಆರ್. ಸಂಖ್ಯೆ ಇಲ್ಲದಿದ್ದರೆ ಆ ಪತ್ರ ತಪಾಲಿನಲ್ಲೇ ತಂಗುತ್ತದೆ. ಎಷ್ಟೋ ಸಲ ಪತ್ರವೇ ಬೇಕಿರುವುದಿಲ್ಲ. ಸರ್ಕಾರಿ ಸೇವೆ ಸಮಯಕ್ಕೆ ಸಿಗಬೇಕೆನ್ನುವ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಗಡುವು ಇರುತ್ತದೆ. ಅದು ಮೀರಿದ್ದರೆ ಮೇಲ್ಮನವಿಗೆ ದಾರಿ ತೋರಿಸುವುದು ಪತ್ರಕ್ಕಿಂತ ಗಟ್ಟಿ ಕೆಲಸ.

ಹೆಚ್ಚು ಬರುವುದು ನಿಂತುಹೋದ ಪಿಂಚಣಿ: ವಿಧವಾ ವೇತನ, ವೃದ್ಧರ ಸಂಧ್ಯಾ ಸುರಕ್ಷಾ. ಪತ್ರ ಟೈಪು ಮಾಡುವ ಮೊದಲು ಪಾಸ್‌ಬುಕ್ ಕೇಳಿ. ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ; ಅಜ್ಜಿ ಮಾತ್ರ ಹಳೆಯ ಪಾಸ್‌ಬುಕ್ಕನ್ನೇ ಎಂಟ್ರಿ ಮಾಡಿಸುತ್ತಿರುತ್ತಾರೆ. ವಹಿವಾಟಿಲ್ಲದೆ ಖಾತೆ ನಿಷ್ಕ್ರಿಯವಾಗಿರಬಹುದು. ಆಧಾರಿನಲ್ಲಿ ‘ಲಕ್ಷ್ಮಮ್ಮ’, ಅರ್ಜಿಯಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿರಬಹುದು. ಮೊದಲ ಎರಡಕ್ಕೆ ಬ್ಯಾಂಕಿಗೆ ಹೋಗಬೇಕು, ಮೂರನೆಯದಕ್ಕೆ ನಾಡಕಚೇರಿಗೆ. ಎಲ್ಲವನ್ನೂ ತಹಶೀಲ್ದಾರರಿಗೆ ಬರೆದರೆ ಅಜ್ಜಿಗೆ ಇನ್ನೊಂದು ಬಸ್ ಚಾರ್ಜು ದಂಡ.

ಬಗರ್‌ಹುಕುಂ ಅರ್ಜಿಯ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎನ್ನುವ ಅರ್ಜಿಯ, ಲೆಕ್ಕ ಬೇರೆ. ಸಕ್ರಮೀಕರಣ ಸಮಿತಿಗೆ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ಅಲ್ಲಿಗೆ ಶಿಫಾರಸು ಪತ್ರ ಕೊಡುವುದೆಂದರೆ ಸಾಹೇಬರು ತಮಗೆ ತಾವೇ ಬರೆದುಕೊಂಡಂತೆ. ಅರ್ಜಿ ನಮೂನೆ 50ರದೋ, 53ರದೋ, 57ರದೋ, ಸಭೆಗೆ ಮಂಡಿಸುವ ಪಟ್ಟಿಯಲ್ಲಿದೆಯೋ ಇಲ್ಲವೋ, ಅಷ್ಟು ನೋಡಿ. ಗೋಮಾಳವೋ ಅರಣ್ಯವೋ ಎಂಬುದು ಪಹಣಿಯಲ್ಲಿ ಗೊತ್ತಾಗದಿದ್ದರೆ ‘ಆಗುತ್ತೆ ಬಿಡಿ’ ಅನ್ನಬೇಡಿ. ಆ ಮಾತನ್ನು ನಂಬಿ ಜನ ಬೋರು ಕೊರೆಸುತ್ತಾರೆ.

ಪ್ರದೇಶಾಭಿವೃದ್ಧಿ ನಿಧಿಯ ವರ್ಷದ 2 ಕೋಟಿ ರೂಪಾಯಿಯೂ ಶಾಸಕರ ಕೈಯಲ್ಲಿರುವ ದುಡ್ಡಲ್ಲ. ಕಾಮಗಾರಿ ಸೂಚಿಸುವುದು ಅವರು, ಮಂಜೂರು ಮಾಡುವುದು ಜಿಲ್ಲಾಧಿಕಾರಿ.

ಅಧಿವೇಶನ ಹತ್ತಿರ ಬಂದಾಗ ಅದೇ ರಿಜಿಸ್ಟರಿಗೆ ಇನ್ನೊಂದು ಬೆಲೆ ಬರುತ್ತದೆ. ಒಬ್ಬರ ಪಿಂಚಣಿ ನಿಂತರೆ ಅದು ಅರ್ಜಿ. ಒಂದೇ ಹೋಬಳಿಯಿಂದ ಒಂದೇ ತಿಂಗಳಲ್ಲಿ ಹತ್ತಾರು ಬಂದರೆ ಅದು ಸದನದ ಪ್ರಶ್ನೆ. ಹೋಬಳಿಯ ಕಾಲಂ ಬಿಡದೆ ತುಂಬಿ ಎನ್ನುವುದು ಇದಕ್ಕೇ.

ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಹೊಸಬರೆಲ್ಲ ಚುಕ್ಕೆಯ ಹಿಂದೆ ಬೀಳುತ್ತಾರೆ. ಅಂಕಿ-ಅಂಶ ಬೇಕಾದರೆ ನನ್ನ ಮತ ಗುರುತಿಲ್ಲದ್ದಕ್ಕೇ. ಪ್ರಶ್ನೋತ್ತರ ಅವಧಿ ಮುಗಿದು ಸರದಿ ಬರಲಿಲ್ಲವೆಂಬ ಚಿಂತೆಯಿಲ್ಲ, ಅನುಬಂಧದಲ್ಲಿ ಪಟ್ಟಿ ಸಿಗುತ್ತದೆ.

ಪ್ರಶ್ನೆಯಲ್ಲಿ ವಾದ, ವ್ಯಂಗ್ಯ, ಆರೋಪ ಇರಬಾರದು. ಸರ್ಕಾರದ ಅಭಿಪ್ರಾಯ ಕೇಳಬಾರದು, ನ್ಯಾಯಾಲಯದಲ್ಲಿರುವ ವಿಷಯ ಎತ್ತಬಾರದು. ಇವು ನಿಯಮ. ಅದಕ್ಕಿಂತ ದೊಡ್ಡ ತಪ್ಪು ‘ಪಿಂಚಣಿ ವಿಳಂಬವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿ ಅಲ್ಲಿಗೇ ನಿಲ್ಲಿಸುವುದು. ‘ಬಂದಿರುವುದಿಲ್ಲ’ ಎಂಬ ಉತ್ತರ ಬಂತೋ, ಅದೇ ಪ್ರಶ್ನೆಯ ಕೆಳಗಿನ ‘ಬಂದಿದ್ದಲ್ಲಿ’ ಎಂಬ ಭಾಗಗಳಿಗೆಲ್ಲ ಒಂದೇ ಏಟಿಗೆ ‘ಉದ್ಭವಿಸುವುದಿಲ್ಲ’. ಅದರ ಬದಲು ‘ಈ ತಾಲ್ಲೂಕಿನಲ್ಲಿ ಏಪ್ರಿಲ್‌ನಿಂದೀಚೆಗೆ ಪಾವತಿ ಸ್ಥಗಿತಗೊಂಡ ಫಲಾನುಭವಿಗಳೆಷ್ಟು, ಹೋಬಳಿವಾರು, ಕಾರಣವಾರು ವಿವರ ನೀಡುವುದು’ ಎಂದು ಕೇಳಿದರೆ ಇಲ್ಲ ಎನ್ನಲು ಜಾಗವಿರುವುದಿಲ್ಲ. ಅವಧಿ ಐದು ವರ್ಷ, ವ್ಯಾಪ್ತಿ ಇಡೀ ರಾಜ್ಯ ಎಂದು ಹಿಗ್ಗಿಸಿದಿರೋ, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಒಂದು ಸಾಲಿಗೆ ತೃಪ್ತಿಪಟ್ಟುಕೊಳ್ಳಬೇಕು.

ಉತ್ತರ ಬಂದ ದಿನ ಅನುಬಂಧದ ಪ್ರತಿ ತೆಗೆದು, ರಿಜಿಸ್ಟರಿನಲ್ಲಿರುವ ಹೆಸರುಗಳ ಪಕ್ಕ ಇಟ್ಟು ಒಂದೊಂದಾಗಿ ತಾಳೆ ನೋಡಿ. ಕಾರಣ ಸಿಕ್ಕವರಿಗೆ ಅಂದೇ ಫೋನು ಮಾಡಿ, ಏನು ಹೇಳಿದಿರೆಂದು ಆ ಖಾಲಿ ಕಾಲಂನಲ್ಲಿ ದಿನಾಂಕ ಸಮೇತ ಬರೆದಿಡಿ. ಪೆನ್ಸಿಲ್ ಬೇಡ.