ಬ್ರೌಸರಿನ ಬಾಲಂಗೋಚಿಗಳು

ಇಂದು ಬೆಳಿಗ್ಗೆ ಅಪ್ಪನ ಲ್ಯಾಪ್‌ಟಾಪಿನಲ್ಲಿ ಸುದ್ದಿತಾಣವೊಂದನ್ನು ತೆರೆದಾಗ ನಾಲ್ಕು ಸಾಲಿನ ಸುದ್ದಿಯ ಸುತ್ತ ಐದು ಜಾಹೀರಾತುಗಳು ಕುಣಿಯುತ್ತಿದ್ದವು. ಒಂದನ್ನು ಮುಚ್ಚಿದರೆ ಇನ್ನೊಂದು ಬಾಯಿ ತೆರೆಯುತ್ತಿತ್ತು. ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಆಡ್‌-ಆನ್ (ಬ್ರೌಸರಿಗೆ ಅಂಟಿಸುವ ಪುಟ್ಟ ತಂತ್ರಾಂಶ) ಸೇರಿಸಿಕೊಟ್ಟೆ. ಪುಟ ಮತ್ತೆ ತೆರೆದುಕೊಂಡಾಗ ಅವರು, “ಇದ್ದದ್ದು ಇಷ್ಟೇ ಸುದ್ದಿಯೇನೋ?” ಎಂದರು.

ಪುಟದಿಂದ ಹೊರಡುವ ಪ್ರತಿಯೊಂದು ಕೋರಿಕೆಯನ್ನೂ ಈ ಆಡ್‌-ಆನ್ ತನ್ನ ಪಟ್ಟಿಗಳೊಂದಿಗೆ ಹೋಲಿಸಿ, ಜಾಹೀರಾತು ಮತ್ತು ಬೇಹುಗಾರಿಕೆಯ ತಾಣಗಳತ್ತ ಹೋಗುವುದನ್ನು ಅಲ್ಲಿಯೇ ತಡೆಯುತ್ತದೆ. ಹಾಗಾಗಿ ಹೆಚ್ಚಿನ ಜಾಹೀರಾತುಗಳು ಇಳಿಯುವುದೇ ಇಲ್ಲ, ಡೇಟಾ ಕೂಡ ಉಳಿಯುತ್ತದೆ. ಕ್ರೋಮ್‌ನ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಾವಳಿಯಲ್ಲಿ ಸಾಮಾನ್ಯ ಆಡ್‌-ಆನ್‌ಗಳಿಗೆ ಈ ಅಧಿಕಾರವಿಲ್ಲ, ತಡೆಯಬೇಕಾದವುಗಳ ನಿಯಮಗಳನ್ನು ಮೊದಲೇ ಬ್ರೌಸರಿಗೆ ಒಪ್ಪಿಸಬೇಕು. ಅಲ್ಲಿ ಸಿಗುವ ಯುಬ್ಲಾಕಿನ ಲೈಟ್ ಆವೃತ್ತಿಯೂ ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಫೈರ್‌ಫಾಕ್ಸ್ ಹಳೆಯ ಅವಕಾಶವನ್ನು ಉಳಿಸಿಕೊಂಡಿದೆಯಲ್ಲದೆ, 2023ರ ಡಿಸೆಂಬರಿನಿಂದ ಆಂಡ್ರಾಯ್ಡ್ ಫೋನಿನಲ್ಲಿಯೂ ನೂರಾರು ಆಡ್‌-ಆನ್‌ಗಳಿಗೆ ಬಾಗಿಲು ತೆರೆದಿದೆ.

ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು, ಖಾತೆಗಳನ್ನು ಬೇರೆ ಬೇರೆ ಬಣ್ಣದ ಟ್ಯಾಬುಗಳಲ್ಲಿ ಪ್ರತ್ಯೇಕವಾಗಿಡುವ ಮಲ್ಟಿ-ಅಕೌಂಟ್ ಕಂಟೇನರ್ಸ್ ಎಂಬ ಆಡ್‌-ಆನ್. ಕಚೇರಿಯ ಮೇಲ್ ನೀಲಿ ಗೆರೆಯ ಟ್ಯಾಬಿನಲ್ಲಿ, ಸ್ವಂತದ್ದು ಹಸಿರಿನಲ್ಲಿ, ಬ್ಯಾಂಕು ಕೆಂಪಿನಲ್ಲಿ. ಎಲ್ಲವೂ ಒಂದೇ ಕಿಟಕಿಯಲ್ಲಿದ್ದರೂ ಒಂದರ ಕುಕಿ (ನಮ್ಮನ್ನು ಗುರುತಿಟ್ಟುಕೊಳ್ಳಲು ತಾಣಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಮಾಹಿತಿ) ಇನ್ನೊಂದಕ್ಕೆ ಕಾಣದು. ಹಾಗೆಂದು ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವ ಚಪಲ ಈಗಿಲ್ಲ, ಏಕೆಂದರೆ ಅನೇಕ ಆಡ್‌-ಆನ್‌ಗಳು ನಾವು ತೆರೆದ ಪುಟವನ್ನೆಲ್ಲ ಓದುವ ಅನುಮತಿಯನ್ನೇ ಕೇಳುತ್ತವೆ. ಒಂದು ಕಾಲಕ್ಕೆ ಹದಿನಾಲ್ಕು ಇಟ್ಟುಕೊಂಡಿದ್ದವನು ಇಂದು ಮೂರಕ್ಕೆ ಇಳಿದಿದ್ದೇನೆ.

ಸಂಜೆ ಅಪ್ಪ ಮತ್ತೆ ಕರೆದು, ದಿನವೂ ಪಕ್ಕದಲ್ಲಿ ಬರುತ್ತಿದ್ದ ಚಿನ್ನದಂಗಡಿಯ ಜಾಹೀರಾತು ಎಲ್ಲಿ ಹೋಯಿತೆಂದು ವಿಚಾರಿಸಿದರು.