ಹಳ್ಳ ದಾಟುವಾಗ ತಾಗುವುದು ಮುಂದುಗಡೆಯೋ, ಹಿಂದುಗಡೆಯೋ?

ಮೂಡಿಗೆರೆ, ಸಕಲೇಶಪುರ ಕಡೆ ತೋಟದ ಓಡಾಟಕ್ಕೆ ಫೋರ್ ವೀಲ್ ಗಾಡಿ ತಗೊಳ್ಳುವವರು ಅಪ್ರೋಚ್ ಆಂಗಲ್ ಎಷ್ಟು ಅಂತ ತಪ್ಪದೆ ವಿಚಾರಿಸುತ್ತಾರೆ, ಡಿಪಾರ್ಚರ್ ಆಂಗಲ್ ಕೇಳುವವರು ಕಮ್ಮಿ. ಲೋಡು ಹೊರುವ, ಟ್ರೈಲರ್ ಎಳೆಯುವ ತೋಟದ ಗಾಡಿಗೆ ಮುಖ್ಯವಾದದ್ದು ಈ ಎರಡನೆಯದೇ.

ಮುಂದಿನ ಟೈರಿನ ಮುಂಭಾಗಕ್ಕೆ ತಾಗಿಸಿ ಬಂಪರಿನ ಕೆಳ ಅಂಚಿಗೆ ಒಂದು ಗೆರೆ ಎಳೆದರೆ ಅದು ನೆಲದಿಂದ ಎಷ್ಟು ಡಿಗ್ರಿ ಏಳುತ್ತದೋ ಅದೇ ಅಪ್ರೋಚ್ ಆಂಗಲ್. ಹಿಂದೆಯೂ ಹೀಗೇ ಅಳೆದರೆ ಡಿಪಾರ್ಚರ್. ಅಪ್ರೋಚ್ 41 ಅಂದರೆ ಗಾಡಿ 41 ಡಿಗ್ರಿ ಗುಡ್ಡ ಹತ್ತುತ್ತದೆ ಅಂತಲ್ಲ. ನೆಲದ ಓರೆ ಒಂದೇ ಸಲಕ್ಕೆ ಎಷ್ಟು ಡಿಗ್ರಿಯವರೆಗೆ ಬದಲಾದರೆ ಬಂಪರ್ ತಾಗದು ಅನ್ನುವ ಲೆಕ್ಕ ಅಷ್ಟೆ.

ಇದು ಸರಿಯಾಗಿ ಗೊತ್ತಾಗುವುದು ಹಳ್ಳದಲ್ಲಿ. 20 ಡಿಗ್ರಿ ಇಳಿದು, ತಳದಲ್ಲಿ ಸಪಾಟು ಜಾಗವೇ ಇಲ್ಲದೆ, ಎದುರಿಗೆ 20 ಡಿಗ್ರಿ ಹತ್ತಬೇಕು ಅಂದುಕೊಳ್ಳಿ. ದಡಗಳು ಗಾಡಿಯಷ್ಟು ಉದ್ದ ಇದ್ದರೆ ಎರಡೂ ಓರೆ ಕೂಡಿ ಬಂಪರಿಗೆ ಎದುರಾಗುವುದು 40 ಡಿಗ್ರಿ. ಮೂರು ಬಾಗಿಲಿನ ಮಹೀಂದ್ರಾ ಥಾರ್‌ಗೆ ಮುಂದೆ ಸುಮಾರು 41, ಹಿಂದೆ 36. ಮುಂದುಗಡೆ ಕೂದಲೆಳೆಯಲ್ಲಿ ಪಾರಾಗುತ್ತದೆ, ಹತ್ತುವಾಗ ಹಿಂದುಗಡೆ ಕೆರೆಯುತ್ತದೆ. ಐದು ಬಾಗಿಲಿನ ಮಾರುತಿ ಜಿಮ್ನಿಗೆ ಮುಂದೆ 36, ಹಿಂದೆ 50. ಅದೇ ಹಳ್ಳದಲ್ಲಿ ಅದರ ಮುಂದಿನ ಬಂಪರ್ ತಾಗುತ್ತದೆ, ಹಿಂದಿನದಕ್ಕೆ ಏನೂ ಆಗದು.

ಕಂಪನಿ ಕೊಡುವ ಅಂಕಿ ಖಾಲಿ ಗಾಡಿಯದು. ತೋಟದ ಗಾಡಿ ಖಾಲಿ ಇರುವುದು ಯಾವಾಗ? ಟೈರಿನ ದುಂಡು ಬಿಟ್ಟು ಸರಳವಾಗಿ ಲೆಕ್ಕ ಹಾಕೋಣ: ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ತುದಿ 650 ಮಿ.ಮೀ. ಹಿಂದಕ್ಕೆ, ನೆಲದಿಂದ 480 ಮಿ.ಮೀ. ಮೇಲಕ್ಕೆ ಇದ್ದರೆ ಅಂದಾಜು 36 ಡಿಗ್ರಿ ಸಿಗುತ್ತದೆ. ಕಾಫಿ ಮೂಟೆ ಹೇರಿ ಹಿಂದಿನ ಪಟ್ಟಾ 50 ಮಿ.ಮೀ. ಕುಸಿದರೆ 33ಕ್ಕೆ ಇಳಿಯುತ್ತದೆ. ಇನ್ನು 120 ಮಿ.ಮೀ. ಹೊರಗೆ ಚಾಚಿಕೊಂಡು, ಬಂಪರಿಗಿಂತ 80 ಮಿ.ಮೀ. ಕೆಳಗಿರುವ ಟ್ರೈಲರ್ ಹುಕ್ ಇದ್ದರಂತೂ ಅದೇ ಲೋಡಿನಲ್ಲಿ ಉಳಿಯುವುದು 24. ಒಂದು ತುಂಡು ಕಬ್ಬಿಣಕ್ಕೆ ಒಂಬತ್ತು ಡಿಗ್ರಿ ಹೋಯಿತು! ಬಿಚ್ಚಲು ಬರುವ ಹುಕ್ಕನ್ನೇ ಹಾಕಿಸಿ, ಟ್ರೈಲರ್ ಇಲ್ಲದ ದಿನ ತೆಗೆದಿಡಿ. ಗಾಡಿಯಡಿಯ ಸ್ಟೆಪ್ನಿ, ಸೈಲೆನ್ಸರ್ ಪೈಪಿನ ತುದಿಯನ್ನೂ ನೋಡಿ. ಮುಂದೆ ಬುಲ್ ಬಾರ್ (ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಗಾರ್ಡ್) ಬೇಡವೇ ಬೇಡ. 2017ರಿಂದ ಅದಕ್ಕೆ ನಿಷೇಧವಿದೆ, ಆಂಗಲ್ಲನ್ನೂ ತಿನ್ನುತ್ತದೆ.

ನಿಮ್ಮ ಗಾಡಿಯದನ್ನು ಅಳೆಯಲು ಕಾಫಿ ಒಣಗಿಸುವ ಸಿಮೆಂಟ್ ಕಣವೇ ಸಾಕು. ದಿನಾ ಹೇರುವಷ್ಟು ಲೋಡು ಹೇರಿ, ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ ನಿಲ್ಲಿಸಿ. ಎರಡು ಮೀಟರಿನ ನೇರ ಅಲ್ಯೂಮಿನಿಯಂ ಪೈಪಿನ ಒಂದು ತುದಿಯನ್ನು ನೆಲದ ಮೇಲೆ ಟೈರಿನ ಬುಡಕ್ಕೆ ತಳ್ಳಿ, ಇನ್ನೊಂದು ತುದಿಯನ್ನು ಗಾಡಿಯ ಅತಿ ತಗ್ಗಿನ ಭಾಗ ತಾಗುವವರೆಗೆ ಎತ್ತಿ. ಪೈಪು ಟೈರಿಗೂ ಒತ್ತಿಕೊಂಡೇ ಇರಬೇಕು. ಅದರ ಮೇಲೆ ಮೊಬೈಲ್ ಇಟ್ಟು ಲೆವೆಲ್ ಆ್ಯಪ್‌ನಲ್ಲಿ ಡಿಗ್ರಿ ಓದಿ. ಹಳ್ಳದ ಎರಡೂ ದಡದ ಮೇಲೆ ಅದೇ ಪೈಪು ಮಲಗಿಸಿ ಓದಿ ಕೂಡಿಸಿ. ಮೊತ್ತ ನಿಮ್ಮ ಗಾಡಿಯ ಎರಡು ಆಂಗಲ್‌ಗಳಲ್ಲಿ ಚಿಕ್ಕದ್ದಕ್ಕಿಂತ ನಾಲ್ಕೈದು ಡಿಗ್ರಿಯಾದರೂ ಕಮ್ಮಿ ಇರಲಿ, ಮಳೆಗಾಲದಲ್ಲಿ ಚಕ್ರ ಕೆಸರಿಗೆ ಇಳಿದರೆ ಆ ಉಳಿಕೆಯೂ ಕರಗುತ್ತದೆ.

ಏರಿಯ ನೆತ್ತಿಯಲ್ಲಿ ಹೊಟ್ಟೆ ತಾಗುವುದು ಬೇರೆ ಸಮಸ್ಯೆ, ಅದು ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರದ ಮೇಲೆ ನಿಂತಿದೆ. ಥಾರ್ 2450 ಮಿ.ಮೀ., ಐದು ಬಾಗಿಲಿನ ಥಾರ್ ರಾಕ್ಸ್ 2850. ಅಪ್ರೋಚ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಆದರೂ ರಾಕ್ಸ್‌ನ ಬ್ರೇಕ್‌ಓವರ್ (ಹೊಟ್ಟೆ ತಾಗದೆ ನೆತ್ತಿ ದಾಟುವ ಆಂಗಲ್) ಸುಮಾರು 24 ಡಿಗ್ರಿಗೆ ಇಳಿದಿದೆ.

ಹಳ್ಳಕ್ಕೆ ಇಳಿಯುವಾಗ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಬಲದ ಗೇರು), ಒಂದನೇ ಗೇರು. ತಳ ಮುಟ್ಟುವ ಹೊತ್ತಿಗೆ ಬ್ರೇಕ್ ಒತ್ತಬೇಡಿ. ಒತ್ತಿದರೆ ಮುಂದಿನ ಸ್ಪ್ರಿಂಗ್ ಕುಸಿದು ಬಂಪರ್ ಇನ್ನೂ ತಗ್ಗುತ್ತದೆ. ಹಳ್ಳವನ್ನು ನೇರಕ್ಕೆ ಹಾಯದೆ ಓರೆಯಾಗಿ ದಾಟಿದರೆ ತಾಗುವುದು ತಪ್ಪಬಹುದು, ಆದರೆ ಮೂಲೆಗೆ ಮೂಲೆಯ ಎರಡು ಚಕ್ರಗಳು ಗಾಳಿಯಲ್ಲಿ ನಿಂತು ಸುಮ್ಮನೆ ತಿರುಗುತ್ತವೆ. ಕೆಮ್ಮಣ್ಣು ನೆನೆದಿದ್ದರೆ ಗಾಡಿ ಅಡ್ಡಕ್ಕೆ ಜಾರುತ್ತದೆ, ಆಗ ಓರೆ ದಾರಿ ಬೇಡ. ಬದಲಿಗೆ ಚಕ್ರ ಹಾಯುವ ಎರಡು ಸಾಲಿನಲ್ಲಿ ಮಾತ್ರ ತಳಕ್ಕೆ ಒಂದಡಿ ಎತ್ತರ ಕಾಡುಕಲ್ಲು ಪೇರಿಸಿ, ನಡುವೆ ನೀರಿಗೆ ದಾರಿ ಬಿಡಿ. ಕಲ್ಲು ಅಲುಗದಂತೆ ಸಂದಿಗೆ ಜಲ್ಲಿ ತುಂಬಿ.