ಸಿಗಾರ್ ಮೆಷಿನ್‌ಗೆ ಒಂದು ಚಮಚ ಉಪ್ಪು

ನಾನು ಬೀಡಿ, ಸಿಗರೇಟು ಯಾವುದನ್ನೂ ಸೇದಿದವನಲ್ಲ. ನಮ್ಮ ಅಜ್ಜ ಮಾತ್ರ ಚುಟ್ಟಾ ಸೇದುತ್ತಿದ್ದರು. ಜಗಲಿಯಿಂದ ಆ ವಾಸನೆ ಬಂದರೆ ಅಮ್ಮ ಕಿಟಕಿ ಮುಚ್ಚುತ್ತಿದ್ದಳು. ಅಂಥ ನಾನು ಹೋದ ವರ್ಷ ಆರು ತಿಂಗಳು ಸಿಗಾರ್ ಬಿಟ್ಟು ಬೇರೇನೂ ಯೋಚಿಸಲಿಲ್ಲ ಅಂದರೆ ನಂಬಬೇಕು ನೀವು.

ಪೀಣ್ಯದಲ್ಲಿ ನಾನು ಕೆಲಸ ಮಾಡುವುದು ವೆಂಡಿಂಗ್ ಮೆಷಿನ್ ತಯಾರಿಸುವ ಸಣ್ಣ ಶೆಡ್‌ನಲ್ಲಿ. ದುಡ್ಡು ಹಾಕಿದರೆ ಒಳಗಿನ ಸ್ಪ್ರಿಂಗ್ ಒಂದು ಸುತ್ತು ತಿರುಗಿ ಚಿಪ್ಸ್ ಪ್ಯಾಕೆಟ್ಟು ದಬಕ್ಕನೆ ಬೀಳುತ್ತದಲ್ಲ, ಅದೇ ಮೆಷಿನ್ನು. ಅಮೆರಿಕದ ಗಿರಾಕಿಯೊಬ್ಬರು ಸಿಗಾರ್ ಮಾರುವ ಮೆಷಿನ್ ಬೇಕು ಅಂದರು. ಅಲ್ಲಿ ದೊಡ್ಡವರನ್ನು ಮಾತ್ರ ಒಳಗೆ ಬಿಡುವ ಜಾಗದಲ್ಲಿ ಇಂಥದ್ದನ್ನು ಇಡಬಹುದು. ನಮ್ಮಲ್ಲಿ ತಂಬಾಕನ್ನು ಮೆಷಿನ್‌ನಲ್ಲಿ ಮಾರುವಂತೆಯೇ ಇಲ್ಲ. ಇಂಗ್ಲೆಂಡಿನಲ್ಲೂ 2011ರ ಅಕ್ಟೋಬರ್ 1ರಿಂದ ನಿಷೇಧ.

ತಮಾಷೆ ಏನು ಗೊತ್ತಾ? ಈ ಕಸುಬಿನ ಹಳೇ ಮೆಷಿನ್‌ಗಳಲ್ಲಿ ಒಂದು ಅದೇ ಇಂಗ್ಲೆಂಡಿನದು, ಅದೂ ತಂಬಾಕಿನದೇ. 18ನೇ ಶತಮಾನದ ಹೆಂಡದಂಗಡಿಗಳಲ್ಲಿ ಹಿತ್ತಾಳೆಯ ಪೆಟ್ಟಿಗೆ ಇಡುತ್ತಿದ್ದರು. ಕಿಂಡಿಗೆ ಕಾಸು ಹಾಕಿದರೆ ಮುಚ್ಚಳ ಟಪ್ ಅಂತ ತೆರೆದುಕೊಳ್ಳುತ್ತಿತ್ತು. ಒಳಗೆ ಇದ್ದಬದ್ದ ತಂಬಾಕೆಲ್ಲ ಕಣ್ಣೆದುರಿಗೇ! ಒಂದು ಪೈಪಿಗೆ ಬೇಕಾದಷ್ಟು ತೆಗೆದುಕೊಂಡು ನೀವೇ ಮುಚ್ಚಬೇಕು. ಮುಚ್ಚದಿದ್ದರೆ ಆರು ಪೆನ್ನಿ ದಂಡ ಅಂತ ಕೆಲವು ಪೆಟ್ಟಿಗೆಗಳ ಮೇಲೆ ಪದ್ಯದಲ್ಲೇ ಕೆತ್ತಿದ್ದರು. ಪದ್ಯ ಓದಿ ಕಳ್ಳ ಹೆದರುತ್ತಾನಾ?

ಕಳ್ಳರ ಕಾಟ ಹೋಯಿತು ಅಂದರೆ ಮಕ್ಕಳ ಕಾಟ. ಜಪಾನಿನಲ್ಲಿ 2008ರಲ್ಲಿ ಸಿಗರೇಟು ಮೆಷಿನ್‌ಗಳಿಗೆ ವಯಸ್ಸು ತೋರಿಸುವ ಟಾಸ್ಪೋ ಕಾರ್ಡು ಬಂತು. ಮುಖ ನೋಡಿ ವಯಸ್ಸು ಅಳೆಯುವ ಮೆಷಿನ್ನೂ ಬಂತು. ಪತ್ರಿಕೆಯಲ್ಲಿದ್ದ ಫೋಟೋ ಹಿಡಿದರೆ ಅದಕ್ಕೂ ಸಿಗರೇಟು ಕೊಟ್ಟುಬಿಟ್ಟಿತಂತೆ!

ನಾವೂ ಮೊದಲು ದುಡ್ಡು, ವಯಸ್ಸು, ಕ್ಯಾಮೆರಾ ಅಂತಲೇ ತಲೆ ಕೆಡಿಸಿಕೊಂಡೆವು. ನಿಜವಾದ ತಲೆನೋವು ಸಿಗಾರೇ. ಸಿಗರೇಟು ಪ್ಯಾಕೆಟ್ಟು ಇಟ್ಟಿಗೆ ಇದ್ದ ಹಾಗೆ, ಎಲ್ಲ ಒಂದೇ ಅಳತೆ. ಸಿಗಾರ್ ಒಂದೊಂದೂ ಒಂದೊಂದು ಗಾತ್ರ. ದಪ್ಪವನ್ನು ಇಂಚಿನ 64ನೇ ಭಾಗದಲ್ಲಿ ಅಳೆಯುತ್ತಾರೆ. 50 ಅಂದರೆ ಸುಮಾರು 20 ಮಿಲಿಮೀಟರ್. ಕೆಲವಕ್ಕೆ ತುದಿ ಚೂಪು, ಉರುಳಿಸಿದರೆ ಸೊಟ್ಟಗೆ ಹೋಗುತ್ತವೆ. ಮೇಲೆ ಸುತ್ತಿದ ಎಲೆಯಂತೂ ಈರುಳ್ಳಿ ಸಿಪ್ಪೆಯಷ್ಟು ತೆಳು.

ಚಿಪ್ಸ್ ಮೆಷಿನ್‌ನಲ್ಲೇ ಹಾಕಿ ನೋಡಿದೆವು. ಮೂರಡಿ ಮೇಲಿಂದ ಬಿದ್ದ ಮೊದಲನೇ ಸಿಗಾರಿನ ತುದಿ ಸೀಳಿತು. ಸರಿ, ಬೀಳಿಸುವುದೇ ಬೇಡ ಅಂತ ಸಣ್ಣದೊಂದು ಲಿಫ್ಟ್ ಮಾಡಿದೆವು. ಅದು ಮೇಲೆ ಹೋಗಿ, ಸ್ಪಂಜಿನ ತಟ್ಟೆಯಲ್ಲಿ ಸಿಗಾರ್ ಹಿಡಿದು, ಮೆಲ್ಲಗೆ ಇಳಿಸುತ್ತದೆ. ಆದರೂ ಸೀಳಿತು!

ಮೆಷಿನ್ ಒಳಗಿನ ಗಾಳಿಯ ತೇವ 69 ಪರ್ಸೆಂಟ್ ಅಂತ ಮೀಟರ್ ತೋರಿಸುತ್ತಿತ್ತು. ಸಿಗಾರಿಗೆ 65ರಿಂದ 70 ಇದ್ದರೆ ಸಾಕು, ಎಲೆ ಒಣಗಿ ಸೀಳುವುದಿಲ್ಲ. ಹಾಗಾದರೆ ತಪ್ಪು ಲಿಫ್ಟಿನದೇ ಅಂತ ಒಂದು ವಾರ ಮೋಟಾರಿಗೆ ಬೈದೆ. ಮೀಟರ್ ಮೇಲೆ ಅನುಮಾನ ಬಂದದ್ದು ಆಮೇಲೆ. ಅದನ್ನು ಪರೀಕ್ಷೆ ಮಾಡಲು ಸುಲಭದ ಉಪಾಯ ಇದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಕೆಸರಿನ ಹಾಗೆ ಮಾಡಿ. ಕರಗಿ ನೀರಾಗಬಾರದು. ಮೀಟರ್ ಜೊತೆ ಜಿಪ್ ಕವರಿನಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಒದ್ದೆ ಉಪ್ಪು ಸುತ್ತಲಿನ ಗಾಳಿಯನ್ನು 75 ಪರ್ಸೆಂಟಿಗೆ ತಂದು ನಿಲ್ಲಿಸುತ್ತದೆ. ನಮ್ಮ ಮೀಟರ್ ಬೆಳಿಗ್ಗೆ 86 ತೋರಿಸಿತು! ಅಂದರೆ 69 ಅಂದುಕೊಂಡದ್ದು ನಿಜಕ್ಕೂ 58ರ ಆಸುಪಾಸು. ತಂಪು ಮಾಡುವ ಫ್ರಿಜ್ ಕಾಯಿಲ್ ಗಾಳಿಯ ನೀರನ್ನೆಲ್ಲ ಹೀರುತ್ತಿತ್ತು. ಎಲೆ ಹಪ್ಪಳ ಆಗಿತ್ತು, ಅಷ್ಟೇ.

ಹಾಗಂತ ತಂಪು ಬೇಡ ಅನ್ನುವ ಹಾಗೂ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಆಫೀಸಿನ ಕಪಾಟಿನಲ್ಲಿ ಮರೆತಿದ್ದ ನಾಲ್ಕು ಸಿಗಾರ್‌ಗಳಲ್ಲಿ ಸೂಜಿ ಚುಚ್ಚಿದಂಥ ತೂತು. ತಂಬಾಕಿನ ಹುಳು. ಎಲೆಯೊಳಗೆ ಅದರ ಮೊಟ್ಟೆ ಸುಮ್ನೆ ಇರುತ್ತದೆ, ಸೆಕೆ ಏರಿದರೆ ಒಡೆಯುತ್ತದೆ. ಕೊನೆಗೆ ಕಾಯಿಲ್‌ಗೆ ಬಿಡುವು ಕೊಟ್ಟು ಕೊಟ್ಟು ಓಡಿಸಿದೆವು. ಒದ್ದೆ ಪ್ಯಾಡಿನ ಮೇಲೆ ಸಣ್ಣ ಫ್ಯಾನು ಕೂರಿಸಿದೆವು. ಮೀಟರನ್ನು ಬದಲಾಯಿಸಿದೆವು.

ನಮ್ಮ ಗೇಟಿನ ಪಕ್ಕದ ಬೀಡಾ ಅಂಗಡಿಯವರು ವೀಳ್ಯದೆಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಆಗಾಗ ನೀರು ಚಿಮುಕಿಸುತ್ತಾರೆ. ಮೀಟರ್ ಇಲ್ಲ, ಫ್ಯಾನ್ ಇಲ್ಲ. ಮೆಷಿನ್ ಹಡಗು ಹತ್ತಿದ ದಿನ ಟೀ ಕುಡಿಯುತ್ತಾ ಅವರಿಗೆ ಈ ಕಥೆಯೆಲ್ಲ ಹೇಳಿದೆ. ಎಲೆಗೆ ನೀರು ಚಿಮುಕಿಸುತ್ತಲೇ ಕೇಳಿಸಿಕೊಂಡು, "ಅಷ್ಟಕ್ಕೆ ಆರು ತಿಂಗಳಾ ಸಾರ್?" ಅಂದರು.